ಪುಸ್ತಕಭಂಡಾರದಲ್ಲಿ ಕಂಡ ಪಿತೃಮರಣ: ‘ಅಣ್ಣಯ್ಯನ ಮಾನವಶಾಸ್ತ್ರ’ವನ್ನು ಕುರಿತು

೧

ಕಳೆದ ತಿಂಗಳು ನಮ್ಮ ಸಂಘದ ವಾಚನಗೋಷ್ಠಿಯಲ್ಲಿ ದಿವಂಗತ ಎ. ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ವೆಂಬ ಸಣ್ಣ ಕಥೆಯನ್ನು ಓದಲಾಯಿತು. ಓದು ಮುಗಿದೊಡನೆ ಸಭೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡುವು. ನಮ್ಮ ಆಚಾರಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಪಾಶ್ಚಾತ್ಯ ವಿದ್ವಾಂಸರ ಬಗೆಯನ್ನು ಬಯಲಿಗೆಳೆಯುವುದೇ ಕಥೆಯ ಉದ್ದೇಶವೆಂದು ಒಂದು ಪಕ್ಷದವರು ವಾದಿಸಿದರು. ಸ್ವಗೃಹದ ಸಂಗತಿಯನ್ನು ಪರದೇಶದ ಪುಸ್ತಕದಿಂದ ತಿಳಿಯಬೇಕಾಗಿ ಬಂದ ನಮ್ಮ ವಿದ್ಯಾವಂತ ತರುಣನನ್ನು ಪರಿಹಾಸ ಮಾಡುವುದೇ ಉದ್ದೇಶವೆಂದು ಇನ್ನೊಂದು ಪಕ್ಷದವರು ಹೇಳಿದರು. ಎರಡು ಕಡೆಯಿಂದಲೂ ಬಲವಾದ ಮಾತುಗಳೇ ಬಂದುವು. ನಾನು ಆ ಹೊತ್ತು ಮೌನವಾಗಿದ್ದೆನು.

ಮನೆಗೆ ಬಂದು ಕಥೆಯನ್ನು ಮತ್ತೆರಡು ಸಲ ನಿಧಾನವಾಗಿ ಓದಿದ ಮೇಲೆ, ಎರಡು ಪಕ್ಷದವರೂ ಕಥೆಯ ಹೊರಬಾಗಿಲಿನಲ್ಲಿಯೇ ನಿಂತು ಚರ್ಚಿಸುತ್ತಿದ್ದರೆಂದು ನನಗೆ ತೋರಿತು. ಒಳಗೆ ಒಂದು ಸಾವು ಸಂಭವಿಸಿದೆ. ಆ ಸಾವನ್ನು ಮಗನಿಂದ ಮರೆಮಾಚಿದವರು ಅಮೆರಿಕದವರಲ್ಲ, ಮನೆಯವರು. ಕಥೆಯ ನೋವು ಇರುವುದು ಅಲ್ಲಿ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುವುದೇ ಈ ಲೇಖನದ ಪ್ರಯೋಜನ.

೨

ಕಥೆಗಾರರ ವಿಷಯವಾಗಿ ಎರಡು ಮಾತು. ರಾಮಾನುಜನ್ ಅವರು ೧೯೨೯ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರ ತಂದೆ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ಯರು ಮೈಸೂರು ವಿಶ್ವವಿದ್ಯಾಲಯದ ಗಣಿತಾಧ್ಯಾಪಕರು. ಭಾಸ್ಕರಾಚಾರ್ಯನ ಚಕ್ರವಾಲವಿಧಾನವನ್ನು ಕುರಿತು ಬರೆದ ವಿದ್ವಾಂಸರು. ಮಗನು ೧೯೫೯ರಲ್ಲಿ ಅಮೆರಿಕಕ್ಕೆ ತೆರಳಿ, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ೧೯೬೩ರಲ್ಲಿ ಭಾಷಾಶಾಸ್ತ್ರದ ಡಾಕ್ಟರೇಟ್ ಪಡೆದರು. ೧೯೬೨ರಿಂದ ೧೯೯೩ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ವಚನಗಳನ್ನೂ ಪ್ರಾಚೀನ ತಮಿಳು ಕವಿತೆಗಳನ್ನೂ ಇಂಗ್ಲಿಷಿಗೆ ತಂದು ಜಗತ್ತಿಗೆ ಪರಿಚಯ ಮಾಡಿಸಿದ ಕೀರ್ತಿ ಅವರದು. ಆದರೆ ಈ ಕಥೆಯನ್ನು ಅವರು ಬರೆದುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅದನ್ನು ಓದುವವರಿಗೆ ದೊರೆಯುವುದು ನಾರಾಯಣ ಹೆಗಡೆಯವರ ಅನುವಾದ. ಅಮೆರಿಕದಲ್ಲಿ ಕುಳಿತು, ಅಮೆರಿಕದ ವಿದ್ಯಾಪೀಠವನ್ನು ಕುರಿತು, ಮನೆಯವರಿಗೆ ಮಾತ್ರ ಕೇಳುವ ಭಾಷೆಯಲ್ಲಿ ಬರೆದರೆಂಬುದನ್ನು ವಿಮರ್ಶಕನು ಮರೆಯಬಾರದು. ಹೊರಗಿನವರನ್ನು ಆಕ್ಷೇಪಿಸುವುದೇ ಮುಖ್ಯವಾಗಿದ್ದರೆ ಆ ಹೊರಗಿನವರ ಭಾಷೆಯಲ್ಲಿ ಬರೆಯುವ ಶಕ್ತಿ ಅವರಿಗೆ ಬೇಕಾದಷ್ಟಿತ್ತು.

ಕಥಾವಸ್ತು ಹೀಗಿದೆ. ಅಣ್ಣಯ್ಯನು ಮೈಸೂರು ಸೀಮೆಯ ಬ್ರಾಹ್ಮಣ ಕುಟುಂಬದ ತರುಣ, ವ್ಯಾಸಂಗಕ್ಕಾಗಿ ಷಿಕಾಗೋವಿನಲ್ಲಿದ್ದಾನೆ. ಊರಿನಲ್ಲಿದ್ದಾಗ ಪಾಶ್ಚಾತ್ಯರ ಗ್ರಂಥಗಳಲ್ಲಿ ಮುಳುಗಿದ್ದವನಿಗೆ ಅಲ್ಲಿಗೆ ಹೋದ ಮೇಲೆ ಸ್ವದೇಶದ ವಿಷಯದಲ್ಲಿ ಕುತೂಹಲ ಹುಟ್ಟುತ್ತದೆ. ಹಿಂದೂಗಳ ಆಚಾರಗಳನ್ನು ಕುರಿತು ಅಮೆರಿಕದ ಮಾನವಶಾಸ್ತ್ರಜ್ಞರು ಬರೆದ ಪುಸ್ತಕಗಳನ್ನು ಒಂದೊಂದಾಗಿ ಓದತೊಡಗುತ್ತಾನೆ. ನಮ್ಮ ವಿಷಯವಾಗಿ ಇವರಿಗೆ ಎಷ್ಟೊಂದು ಗೊತ್ತಿದೆಯೆಂದು ಬೆರಗಾಗುತ್ತಾನೆ. ಹೀಗಿರುವಾಗ ಸ್ಟೀವನ್ ಫರ್ಗುಸನ್ ಎಂಬಾತನ ಹೊಸ ಗ್ರಂಥವೊಂದು ಕೈಗೆ ಬರುತ್ತದೆ. ಅದರಲ್ಲಿ ಮನುವಿನ ವಚನಗಳಿವೆ, ಸೂತಕದ ನಿಯಮಗಳಿವೆ, ಮೈಸೂರು ಸೀಮೆಯಲ್ಲಿ ತೆಗೆದ ಛಾಯಾಚಿತ್ರಗಳಿವೆ. ಚಿತ್ರಗಳನ್ನು ಒದಗಿಸಿಕೊಟ್ಟವನು ಹುಣಸೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಸುಂದರರಾಯ; ಅಣ್ಣಯ್ಯನ ಹತ್ತಿರದ ಬಂಧು. ಗುರುತಿನ ಮನೆ, ಗುರುತಿನ ಮುಖಗಳು ಕಾಣುತ್ತವೆ. ಅಣ್ಣಯ್ಯನಿಗೆ ಸಂತೋಷವೇ ಆಗುತ್ತದೆ. ಮುಂದೆ ದಹನಸಂಸ್ಕಾರದ ಚಿತ್ರ. ಚಟ್ಟದ ಮೇಲಿರುವುದು ತನ್ನ ತಂದೆ. ಅನಂತರ ತಲೆಬೋಳಿಸಿಕೊಂಡ ವಿಧವೆಯ ಚಿತ್ರ; ಆಕೆ ತನ್ನ ತಾಯಿ. ದೂರದೇಶದಲ್ಲಿ ಒಬ್ಬಂಟಿಗನಾಗಿರುವ ಹುಡುಗನಿಗೆ ತಿಳಿಸುವುದು ಬೇಡವೆಂದು ಮನೆಯವರು ಸುಮ್ಮನಿದ್ದುಬಿಟ್ಟಿದ್ದಾರೆ. ಕಥೆ ಇಷ್ಟೆ.

೩

ಕಥೆಯ ಮುಖ್ಯ ರಂಗಸ್ಥಳವು ವಿದ್ಯಾಪೀಠದ ಪುಸ್ತಕಭಂಡಾರ. ಅಲ್ಲಿಯ ನಿತ್ಯಜೀವನದ ಸ್ವರೂಪ ತಿಳಿಯದೆ ಕಥೆಯ ಬಿಗಿ ತಿಳಿಯಲಾರದು. ಆದುದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ವಿದ್ಯಾರ್ಥಿಯ ದಿನವು ನಮ್ಮ ಪಾಠಶಾಲೆಯ ವಿದ್ಯಾರ್ಥಿಯ ದಿನದಂತಿರಲಿಲ್ಲ. ಕಾಲ್ಚೆಂಡಿನ ಬಯಲು, ವ್ಯಾಯಾಮಶಾಲೆ, ಸಂಗೀತಗೋಷ್ಠಿ, ವಾದಸಭೆ ಇವೆಲ್ಲ ವ್ಯಾಸಂಗದ ಅಂಗಗಳೆಂದೇ ಎಣಿಕೆಯಾಗಿದ್ದುವು. ಯೇಲ್ ವಿದ್ಯಾಪೀಠದಲ್ಲಿ ವಿದ್ಯಾರ್ಥಿಗಳೇ ನಡೆಸುವ ದಿನಪತ್ರಿಕೆಯು ೧೮೭೮ರಲ್ಲಿಯೇ ಆರಂಭವಾಗಿತ್ತು. ನಮ್ಮಲ್ಲಿ ಬಡ ವಿದ್ಯಾರ್ಥಿಯು ವಾರಕ್ಕೊಂದು ಮನೆಯೆಂದು ಗೊತ್ತುಮಾಡಿಕೊಂಡು ವಾರಾನ್ನದಿಂದ ಓದಿದರೆ, ಅಲ್ಲಿ ಬಡವನಾದವನು ಭೋಜನಶಾಲೆಯಲ್ಲಿ ಬಡಿಸಿ, ತಟ್ಟೆ ತೊಳೆದು ಖರ್ಚನ್ನು ತೂಗಿಸಿಕೊಳ್ಳುತ್ತಿದ್ದನು. ಬಂಗಾಳದ ಪುರೋಹಿತ ಮನೆತನದಿಂದ ಹೋಗಿ ೧೯೧೦ರ ಹೊತ್ತಿಗೆ ಬರ್ಕ್ಲಿಯ ವಿದ್ಯಾರ್ಥಿಯಾದ ಧನಗೋಪಾಲ ಮುಖರ್ಜಿಯವರು ಇಂಥ ಕೆಲಸಗಳನ್ನು ಮಾಡಿಯೇ ಓದಿದರು. ತಮ್ಮ ಅನುಭವವನ್ನು ೧೯೨೩ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದಿಟ್ಟರು. ನಮ್ಮ ಧಾರವಾಡದ ಕಡೆಯ ನಾರಾಯಣ ಸುಬ್ಬರಾವ್ ಹರ್ಡೀಕರರು ಅದೇ ಕಾಲದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಹಿಂದಿರುಗಿ ಬಂದು ೧೯೨೩ರಲ್ಲಿ ಸೇವಾದಳವನ್ನು ಕಟ್ಟಿದರು.

ಆದರೆ ಅಲ್ಲಿಯ ವಿದ್ಯಾಪೀಠದ ಹೃದಯವೆಲ್ಲಿದೆಯೆಂದು ಕೇಳಿದರೆ ಪುಸ್ತಕಭಂಡಾರವನ್ನೇ ತೋರಿಸಬೇಕು. ೧೮೯೨ರಲ್ಲಿ ಪಾಠಪ್ರವಚನಗಳನ್ನು ಆರಂಭಿಸಿದ ಷಿಕಾಗೋ ವಿಶ್ವವಿದ್ಯಾಲಯವು ತನ್ನ ಮೊದಲ ಅಧ್ಯಕ್ಷನಾದ ಹಾರ್ಪರನ ನೆನಪಿಗಾಗಿ ೧೯೧೨ರಲ್ಲಿ ದೊಡ್ಡ ಪುಸ್ತಕಭಂಡಾರವನ್ನು ತೆರೆಯಿತು. ಹಾರ್ವರ್ಡಿನ ವೈಡ್ನರ್ ಭಂಡಾರವು ೧೯೧೫ರಲ್ಲಿ ತೆರೆಯಿತು. ಟೈಟಾನಿಕ್ ಹಡಗು ಮುಳುಗಿದಾಗ ತೀರಿಹೋದ ಮಗನ ನೆನಪಿಗಾಗಿ ಅವನ ತಾಯಿ ಕಟ್ಟಿಸಿಕೊಟ್ಟ ಕಟ್ಟಡವದು. ನಮ್ಮ ಕಾಲೇಜುಗಳಲ್ಲಿ ಚೀಟಿ ಬರೆದು ಜವಾನನ ಕೈಗೆ ಕೊಟ್ಟು, ಪುಸ್ತಕ ಬರುವವರೆಗೆ ಕಟಕಟೆಯ ಹೊರಗೆ ಕಾಯುವ ಪದ್ಧತಿಯಿತ್ತು. ನಾನೂ ಹಾಗೆ ಕಾದವನೇ. ಅಣ್ಣಯ್ಯನಂಥ ವಿದ್ಯಾರ್ಥಿಯಾದರೋ ಕಪಾಟುಗಳ ನಡುವೆ ತಾನೇ ನಡೆದಾಡುತ್ತಾನೆ. ಬೇಕೆಂದು ಹುಡುಕಿದ ಪುಸ್ತಕದ ಪಕ್ಕದಲ್ಲಿ ಬೇಡವೆಂದರೂ ಕಾಣುವ ಪುಸ್ತಕವನ್ನು ಎತ್ತಿಕೊಳ್ಳುತ್ತಾನೆ. ಅಕಸ್ಮಾತ್ತಾಗಿ ಸಿಕ್ಕುವುದು ಅಲ್ಲಿಯ ವ್ಯಾಸಂಗದ ದಿನನಿತ್ಯದ ಸಂಗತಿ. ಕಥೆಯ ಆಘಾತವು ಈ ಸಾಮಾನ್ಯ ಅನುಕೂಲದಿಂದಲೇ ಹುಟ್ಟಿದೆ.

ಆ ಕಪಾಟುಗಳಲ್ಲಿ ಹಿಂದೂದೇಶವು ಬಂದು ಸೇರಿದ್ದು ಹೇಗೆ? ಯೇಲ್‌ನಲ್ಲಿ ೧೮೫೪ರಿಂದ ಸಂಸ್ಕೃತಪೀಠದಲ್ಲಿದ್ದ ವಿಟ್ನಿ ಪಂಡಿತನು ೧೮೭೯ರಲ್ಲಿ ಸಂಸ್ಕೃತ ವ್ಯಾಕರಣವನ್ನು ಪ್ರಕಟಿಸಿದನು. ಅವನ ಶಿಷ್ಯನಾದ ಲಾನ್ಮನ್ ೧೮೮೦ರಲ್ಲಿ ಹಾರ್ವರ್ಡಿಗೆ ಬಂದು, ೧೮೮೪ರಲ್ಲಿ ನಳೋಪಾಖ್ಯಾನದಿಂದ ಆರಂಭವಾಗುವ ಪಾಠಪುಸ್ತಕವನ್ನು ಸಿದ್ಧಪಡಿಸಿದನು. ೧೯೧೧ರಿಂದ ಎರಡು ವರ್ಷ ಅವನಲ್ಲಿ ಸಂಸ್ಕೃತ ಕಲಿತವರಲ್ಲಿ ಟಿ. ಎಸ್. ಎಲಿಯಟ್ ಕವಿಯೂ ಒಬ್ಬನು. ಬರ್ಕ್ಲಿಯಲ್ಲಿ ಪಂಚತಂತ್ರವನ್ನು ೧೯೨೫ರಲ್ಲಿ ಇಂಗ್ಲಿಷಿಗೆ ತಂದ ರೈಡರ್ ಪಂಡಿತನಲ್ಲಿ, ಮುಂದೆ ಅಣುಬಾಂಬಿನ ನಿರ್ಮಾಣದಿಂದ ಹೆಸರಾದ ಓಪನ್‌ಹೈಮರ್ ೧೯೩೩ರ ಹೊತ್ತಿಗೆ ಗೀತೆಯನ್ನು ಓದಿದನು. ಅನಂತರ ೧೯೬೨ರಿಂದ, ಅಮೆರಿಕವು ನಮಗೆ ಮಾರಿದ ಗೋಧಿಯ ಬಾಬಿನಲ್ಲಿ ಇಲ್ಲಿಯೇ ಸಂಗ್ರಹವಾಗಿದ್ದ ರೂಪಾಯಿಗಳಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿಯ ವಿದ್ಯಾಪೀಠಗಳಿಗೆ ಕಳುಹಿಸುವ ಏರ್ಪಾಡಾಯಿತು. ನಾವು ಉಂಡ ಗೋಧಿಯ ಹಣವೇ ಅಲ್ಲಿ ನಮ್ಮ ಪುಸ್ತಕಗಳಾಗಿ ಕುಳಿತಿತು.

ಪಾಠಶಾಲೆಯಲ್ಲಿ ಕಲಿತ ನನ್ನಂಥವನು ಇಲ್ಲಿ ಒಂದು ಭೇದವನ್ನು ಗಮನಿಸದೆ ಇರಲಾರನು. ನಾವು ಸಂಸ್ಕೃತವನ್ನು ಕಿವಿಯಿಂದ ಕಲಿತೆವು. ಗುರುಗಳು ಹೇಳಿದರು, ನಾವು ಹೇಳಿದೆವು. ಅಮರವೂ ಶಬ್ದಮಂಜರಿಯೂ ರಘುವಂಶವೂ ಅರ್ಥವಾಗುವುದಕ್ಕೆ ಮೊದಲೇ ಕಂಠದಲ್ಲಿ ನಿಂತುವು. ಅಲ್ಲಿಯವರು ಅದನ್ನು ಕಣ್ಣಿನಿಂದ ಕಲಿತರು: ಪುಟ, ನಿಘಂಟು, ಅನುಕ್ರಮಣಿಕೆ. ವಿಟ್ನಿಯು ಪಾಣಿನೀಯ ಧಾತುಪಾಠದಲ್ಲಿನ ಅನೇಕ ಧಾತುಗಳನ್ನು ಗ್ರಂಥಪ್ರಯೋಗದಲ್ಲಿ ಕಾಣದ ಕಾರಣ ಅಂಗೀಕರಿಸಲಿಲ್ಲ. ಪುಟದಲ್ಲಿ ಕಂಡದ್ದು ಉಂಟು, ಕಾಣದ್ದು ಇಲ್ಲ ಎಂಬುದು ಆ ಮಾರ್ಗದ ನಿಷ್ಠೆ. ಅದರ ಪ್ರಯೋಜನಗಳನ್ನು ನಾನು ಅಲ್ಲಗಳೆಯುವುದಿಲ್ಲ. ಗುರುಮುಖದಿಂದ ಬಂದ ಎಷ್ಟೋ ಅಪಪಾಠಗಳನ್ನು ಆ ಮಾರ್ಗದವರೇ ತಿದ್ದಿದರು. ಆದರೆ ಅಣ್ಣಯ್ಯನ ಕಥೆಯು ಈ ಕಣ್ಣು ಕಿವಿಗಳ ಭೇದದ ಮೇಲೆಯೇ ನಿಂತಿದೆ. ಕಿವಿಯಿಂದ ಬರಬೇಕಾಗಿದ್ದ ವಾರ್ತೆ ಅವನಿಗೆ ಕಣ್ಣಿನಿಂದ ಬಂದಿತು.

೪

ದೇಶಾಂತರದಲ್ಲಿರುವ ಮಗನನ್ನು ನಮ್ಮ ಧರ್ಮಶಾಸ್ತ್ರಕಾರರು ಮರೆತಿರಲಿಲ್ಲ. ಕಥೆಯಲ್ಲಿ ಉದ್ಧೃತವಾಗಿರುವ ಮನುವೇ ತನ್ನ ಐದನೆಯ ಅಧ್ಯಾಯದಲ್ಲಿ ದೂರದಲ್ಲಿರುವವನ ಆಶೌಚವನ್ನು ವಿಚಾರಿಸುತ್ತಾನೆ. ಹತ್ತು ದಿನದೊಳಗೆ ಕೇಳಿದರೆ ಉಳಿದ ದಿನಗಳು. ಹತ್ತು ದಿನ ಕಳೆದ ಮೇಲೆ ಕೇಳಿದರೆ ಮೂರು ರಾತ್ರಿ. ಸಂವತ್ಸರ ಕಳೆದ ಮೇಲೆ ಕೇಳಿದರೆ ಸ್ನಾನದಿಂದಲೇ ಶುದ್ಧಿ. ಇದು ಸಾಮಾನ್ಯ ಸಪಿಂಡರ ವಿಷಯ. ತಂದೆತಾಯಿಗಳ ಮರಣದಲ್ಲಿ ಈ ಸಡಿಲವಿಲ್ಲ. ಕಲ್ಯಾಣದಲ್ಲಿ, ಎಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಪೈಠೀನಸಿಯ ವಚನವೊಂದನ್ನು ಎತ್ತಿಕೊಂಡು ಇದನ್ನು ನಿರ್ಣಯಿಸಿದ್ದಾನೆ. ಮಗನು ಎಷ್ಟೇ ದೂರದಲ್ಲಿರಲಿ, ಎಷ್ಟೇ ಕಾಲ ಕಳೆದಿರಲಿ, ಕೇಳಿದ ದಿನದಿಂದ ಆರಂಭಿಸಿ ಪೂರ್ಣವಾಗಿ ಹತ್ತು ದಿನ ಸೂತಕಿಯಾಗಿರಬೇಕೆಂಬುದು ಅದರ ತಾತ್ಪರ್ಯ.

ಈ ನಿಯಮದಲ್ಲಿರುವ ಮನುಷ್ಯಹೃದಯವನ್ನು ವಾಚಕರು ಗಮನಿಸಬೇಕು. ತಂದೆಯ ಸಾವು ಪಂಚಾಂಗದ ಲೆಕ್ಕದಲ್ಲಿ ಹಳೆಯದಾಗಿರಬಹುದು. ಮಗನಿಗೆ ಅದು ಕೇಳಿದ ದಿನದ ಸಾವು. ಮಗನ ದುಃಖಕ್ಕೆ ಅವಧಿ ಮೀರಿತೆಂಬ ತೀರ್ಪನ್ನು ಶಾಸ್ತ್ರವು ಕೊಡುವುದಿಲ್ಲ. ಆದರೆ ಈ ನಿಯಮವೆಲ್ಲವೂ ಒಂದನ್ನು ಸಿದ್ಧವೆಂದು ಹಿಡಿದಿದೆ: ಯಾರಾದರೊಬ್ಬರು ಮಗನಿಗೆ ಹೇಳಿಯೇ ಹೇಳುವರು. ದಾರಿ ದೂರವಾದುದರಿಂದ ತಡವಾಗಬಹುದು. ಮಳೆಗಾಲ, ನದಿ, ಕಾಡು ಅಡ್ಡ ಬರಬಹುದು. ಮನೆಯವರೇ ಬೇಕೆಂದು ಬಾಯಿ ಮುಚ್ಚಿಕೊಳ್ಳುವರೆಂಬ ಸಂದರ್ಭವನ್ನು ವಿಜ್ಞಾನೇಶ್ವರನು ಕಲ್ಪಿಸಿಕೊಳ್ಳಲಿಲ್ಲ.

ರಾಮಾನುಜನ್ ಅವರು ಆ ಸಂದರ್ಭವನ್ನು ಕಲ್ಪಿಸಿದರು. ಅಣ್ಣಯ್ಯನಿಗೆ ಯಾರೂ ಹೇಳಲಿಲ್ಲ, ಅವನು ಕಂಡನು. ಮುದ್ರಿತವಾದ ಪುಟದಲ್ಲಿ ಕಂಡದ್ದು ಶ್ರವಣವಾದೀತೇ? ಪಂಡಿತಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿದರೆ ನಗೆ ಬರಬಹುದು. ಶ್ರವಣವೆಂದರೆ ಜ್ಞಾನವೆಂದು ಅರ್ಥಮಾಡಿ ಆಗಬಹುದೆಂದೇ ನಾನು ಉತ್ತರ ಹೇಳುವೆನು. ಹಾಗಾದರೆ ಅಣ್ಣಯ್ಯನ ಸೂತಕವು ಷಿಕಾಗೋವಿನ ಆ ಕಪಾಟುಗಳ ನಡುವೆ, ಪುಸ್ತಕ ಹಿಡಿದು ನಿಂತಿರುವಾಗಲೇ ಆರಂಭವಾಗುತ್ತದೆ. ಮೈಸೂರಿನಲ್ಲಿ ಚಿತಾಭಸ್ಮವು ಎಂದೋ ನೀರು ಸೇರಿದೆ. ಬಂಧುಗಳು ವೈಕುಂಠಸಮಾರಾಧನೆಯ ಊಟ ಮಾಡಿ ಕೈತೊಳೆದು ಎಷ್ಟೋ ಕಾಲವಾಗಿದೆ. ಇಲ್ಲಿ ಮಗನಿಗೆ ಇಂದು ಮೊದಲನೆಯ ದಿನ. ಸೂತಕದ ನಿಯಮಗಳನ್ನು ತಿಳಿಯಲೆಂದು ತೆರೆದ ಪುಸ್ತಕವೇ ಸೂತಕವನ್ನು ತಂದಿತು. ಅಭ್ಯಾಸದ ವಸ್ತುವಾಗಿದ್ದುದು ಅನುಷ್ಠಾನದ ವಸ್ತುವಾಯಿತು. ಇಷ್ಟು ಕಠಿನವಾದ ವಿಪರ್ಯಾಸವನ್ನು ಇಷ್ಟು ಕಡಿಮೆ ಮಾತುಗಳಲ್ಲಿ ಸಾಧಿಸಿದ ಕಥೆಗಳು ಕನ್ನಡದಲ್ಲಿ ಹೆಚ್ಚಿಲ್ಲ.

೫

ತಂದೆಯ ಚಿತ್ರಕ್ಕಿಂತ ತಾಯಿಯ ಚಿತ್ರವು ಹೆಚ್ಚು ಕ್ರೂರವಾದುದು. ತಂದೆಯು ದುಃಖವನ್ನು ದಾಟಿದವನು. ತಾಯಿ ಅದರ ಮಧ್ಯದಲ್ಲಿದ್ದಾಳೆ. ಅವಳ ಕೇಶವಪನದ ವಿಷಯದಲ್ಲಿ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ನನ್ನ ಕರ್ತವ್ಯ. ಮನುವು ವಿಧವೆಗೆ ಕಠಿನವಾದ ಬ್ರಹ್ಮಚರ್ಯವನ್ನು ವಿಧಿಸಿದ್ದಾನೆ; ತಲೆಬೋಳಿಸಬೇಕೆಂದು ಹೇಳಿಲ್ಲ. ಈ ಆಚಾರಕ್ಕೆ ಪ್ರಾಚೀನ ಸೂತ್ರಸ್ಮೃತಿಗಳಲ್ಲಿ ಆಧಾರವಿಲ್ಲವೆಂಬುದನ್ನು ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸದಲ್ಲಿ ವಿಚಾರಮಾಡಿ ತೋರಿಸಿದ್ದಾರೆ. ಸ್ತ್ರೀಯರಿಗೆ ಈ ಅವಮಾನವು ಶಾಸ್ತ್ರದ ಹೆಸರಿನಲ್ಲಿ ಬಂದ ಲೋಕರೂಢಿ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮನೆಗಳಲ್ಲಿ ಕೆಂಪು ಸೀರೆಯ ಮಡಿಹೆಂಗಸರು ಮೂಲೆಯಲ್ಲಿ ಕುಳಿತು ಕಾಲ ಕಳೆದರು. ನನ್ನ ಮನೆಯಲ್ಲಿಯೂ ಒಬ್ಬರಿದ್ದರು. ಅವರ ಛಾಯಾಚಿತ್ರವನ್ನು ಯಾರೂ ತೆಗೆಯಲಿಲ್ಲ. ಮದುವೆಮುಂಜಿಗಳ ಚಿತ್ರ ತೆಗೆಯುವಾಗ ಅವರು ತಾವಾಗಿಯೇ ಒಳಗೆ ಸರಿದುಬಿಡುತ್ತಿದ್ದರು.

ಇದನ್ನು ಬಲ್ಲ ಓದುಗನಿಗೆ ಅಣ್ಣಯ್ಯನ ತಾಯಿ ಕ್ಯಾಮೆರಾದ ಮುಂದೆ ಕುಳಿತಿರುವ ಚಿತ್ರವು ಹೇಗೆ ನಾಟುವುದೆಂದು ಹೇಳಬೇಕಾಗಿಲ್ಲ. ಮನೆಯ ಮಗನಿಗೆ ತಿಳಿಸಬಾರದೆಂದು ಬಚ್ಚಿಟ್ಟ ರೂಪವು ಓದಬಲ್ಲವರೆಲ್ಲರಿಗೂ ಪ್ರಕಟವಾಗಿದೆ. ಹಾರ್ವರ್ಡಿನ ಭಂಡಾರವನ್ನು ಕಟ್ಟಿಸಿದ ತಾಯಿಯ ದುಃಖಕ್ಕೆ ಬಾಗಿಲ ಮೇಲೆ ಹೆಸರಿದೆ. ಅಣ್ಣಯ್ಯನ ತಾಯಿಯ ದುಃಖವು ಹೆಸರಿಲ್ಲದ ಒಂದು ಮಾದರಿಯಾಗಿ ಪುಟದಲ್ಲಿ ಸೇರಿದೆ. ಮಗನು ಬಂದು ಗುರುತಿಸುವವರೆಗೆ ಆಕೆ ‘ಹಿಂದೂ ವಿಧವೆ’ ಮಾತ್ರ.

ಆದರೂ ಫರ್ಗುಸನನನ್ನು ದುಷ್ಟನೆಂದು ಕರೆಯಲು ಕಥೆಯಲ್ಲಿ ಆಧಾರವಿಲ್ಲ. ಅವನು ತನ್ನ ಶಾಸ್ತ್ರದ ಪದ್ಧತಿಯಂತೆ ಕಂಡದ್ದನ್ನು ದಾಖಲೆಮಾಡಿದನು. ಚಿತ್ರ ಕೊಟ್ಟವನಿಗೆ ಉಪಕಾರಸ್ಮರಣೆಯನ್ನೂ ಮಾಡಿದನು. ಆ ಮನೆಗೆ ಷಿಕಾಗೋವಿನಲ್ಲಿ ಒಬ್ಬ ಮಗನಿರುವನೆಂಬುದು ಅವನಿಗೆ ಏಕೆ ಗೊತ್ತಿರಬೇಕು? ಗೊತ್ತಿದ್ದವನು ಸುಂದರರಾಯ. ಕಾಗದ ಬರೆಯಬಲ್ಲವರು ಮನೆಯವರು. ವಿದೇಶೀಯ ವಿದ್ವಾಂಸನಿಗೆ ಮನೆಯ ಬಾಗಿಲನ್ನು ತೆರೆದವರು ಮನೆಯ ಮಗನಿಗೆ ಮುಚ್ಚಿದರು. ಸಭೆಯಲ್ಲಿ ಮೊದಲನೆಯ ಪಕ್ಷದವರು ನೋಡದೆ ಬಿಟ್ಟುದು ಇದನ್ನು. ಎರಡನೆಯ ಪಕ್ಷದವರು ನೋಡದೆ ಬಿಟ್ಟುದು ಇನ್ನೊಂದನ್ನು: ಅಣ್ಣಯ್ಯನ ಅಜ್ಞಾನದಲ್ಲಿ ಅರ್ಧ ಅವನದಲ್ಲ, ಅವನ ಮೇಲೆ ಹೇರಿದ್ದು.

೬

ಕಥೆಯಲ್ಲಿ ದೋಷಗಳಿಲ್ಲವೇ? ಉಂಟು. ಮೊದಲನೆಯದಾಗಿ, ಅಸಂಖ್ಯಾತ ಪುಸ್ತಕಗಳಲ್ಲಿ ಅದೇ ಪುಸ್ತಕ, ಅಸಂಖ್ಯಾತ ಸಾವುಗಳಲ್ಲಿ ಅದೇ ಸಾವು ಒದಗುವುದು ಅತಿಶಯವೆಂದು ಸಭೆಯಲ್ಲಿ ಒಬ್ಬರು ಆಕ್ಷೇಪಿಸಿದರು. ಸುಂದರರಾಯನ ಸ್ಟುಡಿಯೋವನ್ನು ನಡುವೆ ತಂದು ಕಥೆಗಾರರು ಇದಕ್ಕೆ ಸಮಾಧಾನವನ್ನು ಒದಗಿಸಿದ್ದಾರೆ. ಹೊರಗಿನಿಂದ ಬಂದವನು ಸ್ಥಳದಲ್ಲಿ ಚಿತ್ರ ತೆಗೆಯುವವನನ್ನು ಆಶ್ರಯಿಸುತ್ತಾನೆ. ಅವನು ತನಗೆ ಪ್ರವೇಶವಿರುವ ಮನೆಗಳನ್ನೇ ತೋರಿಸುತ್ತಾನೆ. ಆದುದರಿಂದ ಇದು ಅಸಂಭವವಲ್ಲ. ಎರಡನೆಯದಾಗಿ, ಅಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ತನ್ನ ಆಚಾರಗಳ ಹೆಸರುಗಳೂ ಹೊಸವೆಂಬಷ್ಟು ಅಜ್ಞಾನವನ್ನು ಆರೋಪಿಸಿರುವುದು ನನಗೆ ಸ್ವಲ್ಪ ಹೆಚ್ಚೆನಿಸಿತು. ಮಡಿಮೈಲಿಗೆಗಳ ನಡುವೆ ಬೆಳೆದವನು ಕಾರಣವನ್ನರಿಯದಿದ್ದರೂ ಕ್ರಮವನ್ನು ಅರಿತಿರುತ್ತಾನೆ. ಮೂರನೆಯದಾಗಿ, ಧ್ವನಿಯು ಬಹುದೂರ ವಿನೋದವಾಗಿಯೇ ಸಾಗಿ ಕೊನೆಯಲ್ಲಿ ಒಮ್ಮೆಗೆ ತಿರುಗುವುದರಿಂದ, ಮೊದಲನೆಯ ಓದಿನಲ್ಲಿ ಕಥೆಯು ಒಂದು ಚಮತ್ಕಾರವೆಂಬ ಭ್ರಮೆಯುಂಟಾಗುವುದು. ಎರಡನೆಯ ಓದಿನಲ್ಲಿ ಆ ವಿನೋದವೇ ಸಹಿಸಲಾರದ್ದಾಗುತ್ತದೆ. ನಗುತ್ತಿರುವವನ ತಂದೆ ಆಗಲೇ ತೀರಿಹೋಗಿದ್ದಾನೆಂದು ನಮಗೆ ಗೊತ್ತಿರುತ್ತದೆ.

ಈ ಕಥೆಯ ಪಕ್ಕದಲ್ಲಿಟ್ಟು ನೋಡತಕ್ಕ ನಿಜಸಂಗತಿಯೊಂದಿದೆ. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿದ್ದು ಅಲ್ಲಿಯ ಜೀವನವನ್ನು ಅಭ್ಯಾಸಮಾಡಿದರು. ಗ್ರಂಥದಲ್ಲಿ ಅದಕ್ಕೆ ರಾಮಪುರವೆಂದು ಹೆಸರಿಟ್ಟರು. ೧೯೭೦ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟಾನ್‌ಫರ್ಡಿನ ಸಂಶೋಧನಕೇಂದ್ರದಲ್ಲಿದ್ದಾಗ ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ, ಆ ಅಭ್ಯಾಸವನ್ನು ಆಧರಿಸಿ ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದುವು. ಅವರು ಹಳ್ಳಿಯನ್ನು ನೆನಪಿನಿಂದಲೇ ಬರೆಯಲು ನಿಶ್ಚಯಿಸಿದರು. ಆ ಗ್ರಂಥ ೧೯೭೬ರಲ್ಲಿ ಹೊರಬಂದಿತು. ಅಣ್ಣಯ್ಯನಿಗೆ ಪುಟವಿತ್ತು, ನೆನಪಿರಲಿಲ್ಲ. ಶ್ರೀನಿವಾಸರಿಗೆ ಪುಟ ಬೂದಿಯಾಯಿತು, ನೆನಪು ಉಳಿಯಿತು. ಇಬ್ಬರಿಗೂ ಇದು ಒದಗಿದ್ದು ಅಮೆರಿಕದ ವಿದ್ಯಾಪೀಠಗಳ ಆವರಣದಲ್ಲಿ. ದೂರಕ್ಕೆ ಹೋದುದರಿಂದಲೇ ಮನೆ ಮರೆಯುವುದೆಂಬ ನಮ್ಮ ಹಿರಿಯರ ಆಕ್ಷೇಪಣೆಗೆ ಶ್ರೀನಿವಾಸರ ಗ್ರಂಥವು ಸಾಕಾದ ಉತ್ತರ.

೭

ಇನ್ನು ನಾನು ಸಭೆಯಲ್ಲಿ ಮೌನವಾಗಿದ್ದುದಕ್ಕೆ ಕಾರಣವನ್ನು ಹೇಳಬೇಕು.

ನಮ್ಮ ದಂಡು ಪ್ರದೇಶಕ್ಕೂ ಅಮೆರಿಕದ ವಿದ್ಯೆಗೂ ಸಂಬಂಧ ಹೊಸದಲ್ಲ. ೧೮೮೦ರಲ್ಲಿ ಇಲ್ಲಿ ಸ್ಥಾಪಿತವಾದ ಬಾಲ್ಡ್‌ವಿನ್ ಶಾಲೆಗಳಿಗೆ ಓಹಾಯೋ ಸಂಸ್ಥಾನದ ಬೆರಿಯಾ ಊರಿನಲ್ಲಿ ವಿದ್ಯಾಪೀಠವನ್ನು ಕಟ್ಟಿದ ಜಾನ್ ಬಾಲ್ಡ್‌ವಿನ್ ಎಂಬಾತನ ಹೆಸರೇ ಇದೆ. ಆದರೆ ಆಗ ಆ ದೇಶದ ವಿದ್ಯಾಪೀಠವು ಹೆಸರಾಗಿ ಬಂದಿತ್ತು. ಈಗ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಎಷ್ಟೋ ಮನೆಗಳ ಮಕ್ಕಳು ಅಲ್ಲಿಯೇ ಇದ್ದಾರೆ. ನನ್ನ ಕೈಯಲ್ಲಿ ರಾಮಶಬ್ದವನ್ನು ಕಲಿತವರಲ್ಲಿಯೇ ಕೆಲವರು ಅಲ್ಲಿದ್ದಾರೆ. ಸಂಜೆ ಕೆರೆಯ ಕಡೆಗೆ ತಿರುಗಾಡಲು ಬರುವ ವೃದ್ಧರ ಮಾತೆಲ್ಲ ಅಲ್ಲಿಯ ಚಳಿ, ಅಲ್ಲಿಯ ಪರೀಕ್ಷೆ, ಅಲ್ಲಿಯ ರಜೆಯ ವಿಷಯವೇ.

ಕೆಲವು ವರ್ಷಗಳ ಹಿಂದೆ, ಹಲಸೂರಿನಲ್ಲಿ ನಮ್ಮ ನೆರೆಯಲ್ಲಿದ್ದು ಅನಂತರ ಇಂದಿರಾನಗರಕ್ಕೆ ಹೋದ ಕುಟುಂಬವೊಂದರಲ್ಲಿ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಒಬ್ಬನೇ ಮಗ, ನನ್ನ ಶಿಷ್ಯ, ಅಮೆರಿಕದಲ್ಲಿ ಓದುತ್ತಿದ್ದನು. ನಾನು ಹೋದಾಗ ಆ ತಾಯಿ, “ಮೇಷ್ಟ್ರೇ, ಅವನಿಗೆ ಇನ್ನು ಎರಡು ವಾರಕ್ಕೆ ಪರೀಕ್ಷೆ. ಈಗ ಹೇಳಿದರೆ ಎಲ್ಲ ಬಿಟ್ಟು ಹೊರಟುಬಿಡುತ್ತಾನೆ. ಶಾಸ್ತ್ರದಲ್ಲಿ ಏನಾದರೂ ದಾರಿ ಇದೆಯೇ?” ಎಂದು ಕೇಳಿದರು. ನಾನು ಮಿತಾಕ್ಷರದ ನಿರ್ಣಯವನ್ನು ಹೇಳಿದೆನು: ಮಗನಿಗೆ ಕೇಳಿದ ದಿನದಿಂದ ಲೆಕ್ಕ. ಅದು ದಾರಿಯೆಂದು ಅವರು ತಿಳಿದರು. ಅಲ್ಲವೆಂದು ನಾನು ಹೇಳಲಿಲ್ಲ. ದಾಯಾದಿಗಳಲ್ಲೊಬ್ಬರಿಂದ ಕರ್ಮಗಳಾದುವು. ಆ ದಿನಗಳಲ್ಲೆಲ್ಲ ಆಕೆ ಮಗನೊಡನೆ ದೂರವಾಣಿಯಲ್ಲಿ ಮಾತನಾಡುತ್ತಲೇ ಇದ್ದರು. ಕ್ಯಾಮೆರಾ ಕೆಟ್ಟಿದೆಯೆಂದು ಹೇಳಿ ಮುಖವನ್ನು ಮಾತ್ರ ತೋರಿಸಲಿಲ್ಲ. ಕುಂಕುಮವಿಲ್ಲದ ಹಣೆಯನ್ನು ತೋರಿಸುವುದು ಹೇಗೆ? ತಂದೆಯವರೆಲ್ಲಿ ಎಂದರೆ, ಮಲಗಿದ್ದಾರೆ ಎಂದು ಉತ್ತರ. ಪರೀಕ್ಷೆ ಮುಗಿಯಿತು, ಹುಡುಗನು ತಿಳಿದು, ಬಂದನು. ನನ್ನ ಮನೆಗೂ ಬಂದು ನಮಸ್ಕಾರ ಮಾಡಿದನು. ಕೆಲವು ನಿಮಿಷ ಸುಮ್ಮನೆ ಕುಳಿತಿದ್ದು, “ಸರ್, ನಿಮಗೂ ಗೊತ್ತಿತ್ತಲ್ಲವೇ?” ಎಂದು ಕೇಳಿದನು. ಗೊತ್ತಿತ್ತೆಂದು ಹೇಳಿದೆನು. ಅವನು ಮತ್ತೇನೂ ಕೇಳಲಿಲ್ಲ. ಆಮೇಲೆ ನನ್ನ ಮನೆಗೆ ಬಂದೂ ಇಲ್ಲ.

ನಾನು ಹೇಳಿದ ಶಾಸ್ತ್ರವು ತಪ್ಪಲ್ಲ. ತಡವಾಗಿ ಕೇಳಿದ ಮಗನಿಗಾಗಿ ಮಾಡಿದ ನಿಯಮವನ್ನು ತಡವಾಗಿ ಹೇಳುವ ಹಿರಿಯರ ಕೈಗೆ ಕೊಟ್ಟುದು ತಪ್ಪು. ಸುಂದರರಾಯನು ಮಾಡಿದುದಕ್ಕಿಂತ ನಾನು ಮಾಡಿದುದು ಕಡಿಮೆಯಾದುದೆಂದು ಹೇಳಲಾರೆನು. ಮಗನ ಓದಿಗೆ ವಿಘ್ನ ಬರಬಾರದೆಂಬುದು ಪ್ರೀತಿಯೇ. ಆದರೆ ತನ್ನ ತಂದೆಗಾಗಿ ಅಳುವ ಹಕ್ಕು ಪರೀಕ್ಷೆಯ ಫಲಿತಾಂಶಕ್ಕಿಂತ ಕಿರಿದಾದುದೆಂದು ನಿಶ್ಚಯಿಸುವ ಅಧಿಕಾರವು ಆ ಪ್ರೀತಿಗೆ ಇಲ್ಲ. ಒಂದು ವರ್ಷದ ಓದನ್ನು ಮತ್ತೊಂದು ವರ್ಷ ಓದಬಹುದು.

‘ಅಣ್ಣಯ್ಯನ ಮಾನವಶಾಸ್ತ್ರ’ವು ಪರದೇಶದಲ್ಲಿರುವ ಮಕ್ಕಳಿಗೆ ಎಚ್ಚರಿಕೆಯೆಂದು ಅನೇಕರು ಎಣಿಸಿದ್ದಾರೆ. ಅದನ್ನು ಮೊದಲು ಓದಬೇಕಾದವರು ಮನೆಯಲ್ಲಿರುವ ನಾವು. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಹಿರಿಯರೆಲ್ಲ ಒಟ್ಟಿಗೆ ಕುಳಿತು ಈ ಕಥೆಯನ್ನು ಒಮ್ಮೆ ಗಟ್ಟಿಯಾಗಿ ಓದಬೇಕೆಂದೂ, ತಮ್ಮ ವಿಷಯದಲ್ಲಿ ಏನಾದರೂ ಸಂಭವಿಸಿದರೆ ಆ ದಿನವೇ ಮಕ್ಕಳಿಗೆ ತಿಳಿಸತಕ್ಕದ್ದೆಂದು ಮನೆಯವರಿಗೆ ಈಗಲೇ ಹೇಳಿಡಬೇಕೆಂದೂ ನನ್ನ ವಿಜ್ಞಾಪನೆ. ನಾನು ನನ್ನ ಮನೆಯಲ್ಲಿ ಹೇಳಿದ್ದೇನೆ.